ಖಡ್ಗದ ಮುಂದಿನ ಹಗ್ಗ

ಗಾಜಿನ ಪೆಟ್ಟಿಗೆ ಖಾಲಿ!

ಪೊಲೀಸ್ ಕೇಂದ್ರ ಕಚೇರಿಯ ನಟ್ಟನಡುವೆ, ಇಲಾಖೆಯ ಮ್ಯೂಸಿಯಂನಲ್ಲೇ ಕಳ್ಳತನ! ಹೋದದ್ದು ಮೊದಲ ಕಮಿಷನರ ಖಡ್ಗ. ಲಾಟೀನು ಹಿಡಿದು ಬೀದಿ ಕಾಯುತ್ತಿದ್ದವರನ್ನೆಲ್ಲ ಸೇರಿಸಿ ಅವರು ಈ ಇಲಾಖೆ ಕಟ್ಟಿದ್ದರು. ಮೊದಲು ಕುದುರೆ ಪಡೆ, ಆಮೇಲೆ ಠಾಣೆಗಳು, ಬ್ಯಾಂಡು, ಸಂಚಾರ, ಅಪರಾಧ ವಿಭಾಗ. ಪ್ರತಿ ಸಂಸ್ಥಾಪನಾ ದಿನ ಆ ಖಡ್ಗ ಹಿಡಿದೇ ಕಮಿಷನರು ಹೊಸ ಆದೇಶ ಓದಬೇಕು. ಆ ದಿನ ನಾಳೆಯೇ! ಊರಿಗೆಲ್ಲ ‘ಬೀಗ ಹಾಕಿಕೊಳ್ಳಿ’ ಎಂದು ಬುದ್ಧಿ ಹೇಳುವ ನಾವು ಯಾರಿಗೆ ಮುಖ ತೋರಿಸುವುದು?

ನಾನು ಅಪರಾಧ ವಿಭಾಗದ ಇನ್‌ಸ್ಪೆಕ್ಟರ್ ಮೇಡಂ ಅವರ ಜೀಪಿನ ಚಾಲಕ. ನಾವು ಒಳಗೆ ಕಾಲಿಡುವಷ್ಟರಲ್ಲಿ ಕಮಿಷನರು ಕೆಂಡವಾಗಿದ್ದರು. ಮ್ಯೂಸಿಯಂ ನೋಡಿಕೊಳ್ಳುವ ತಾತನ ಕೈಗೆ ಆಗಲೇ ಕೋಳ ಬಿದ್ದಿತ್ತು! ನಿವೃತ್ತ ಪೇದೆ, ಇಲಾಖೆಯಲ್ಲಿ ಗಳಿಸಿದ ಮರ್ಯಾದೆ ಬಿಟ್ಟರೆ ಅವರಿಗೆ ಬೇರೆ ಆಸ್ತಿಯಿಲ್ಲ.

“ಪೆಟ್ಟಿಗೆ ಬೀಗದ ಕೈ ಎಲ್ಲಿರುತ್ತೆ ತಾತ?” ಮೇಡಂ ಕೇಳಿದರು.

“ಬಾಗಿಲ ಹಿಂದಿನ ಮೊಳೆಗೆ ಅಮ್ಮಾ.”

“ಯಾರಿಗೆಲ್ಲ ಗೊತ್ತು?”

“ಎಲ್ಲರಿಗೂ! ಪೊಲೀಸರ ಮನೇಲಿ ಯಾರು ಕದೀತಾರೆ ಅಂತ...”

ಅಯ್ಯೋ ದೇವರೇ, ಮೊಳೆಗೆ!

“ನಿನ್ನೆ ಸಂಜೆ ಯಾರು ಬಂದಿದ್ರು?”

“ಇವರಿಬ್ರೇ. ನಾನು ಸ್ವಲ್ಪ ಹೊತ್ತು ಕೆಳಗೆ ಹೋಗಿದ್ದೆ.”

ಇಬ್ಬರೂ ಅಲ್ಲೇ ನಿಂತಿದ್ದರು. ಒಬ್ಬರು ಬ್ಯಾಂಡ್ ಮಾಸ್ಟರ್. ಇನ್ನೊಬ್ಬರು ಕುದುರೆ ಪಡೆಯ ದಫೇದಾರರು — ಮೇಡಂ ಅವರ ಸ್ವಂತ ತಂದೆ. ಆದರೆ ಖಾಕಿ ತೊಟ್ಟಾಗ ಇಬ್ಬರೂ ಅಪ್ಪ-ಮಗಳಲ್ಲ; ಅದು ಅವರ ಮನೆಯ ಕಟ್ಟಳೆ. ಬ್ಯಾಂಡ್ ಮಾಸ್ಟರಿಗೂ ದಫೇದಾರರಿಗೂ ಖಡ್ಗದ ಮೇಲೆ ಸಿಟ್ಟಿರಲು ಕಾರಣವಿತ್ತು. ನಾಳೆಯ ಆದೇಶ ಏನೆಂದು ಇಡೀ ಕಚೇರಿಗೆ ಗೊತ್ತು — ಬ್ಯಾಂಡು ಬಂದ್, ಕುದುರೆ ಪಡೆ ಬರ್ಖಾಸ್ತು, ಕುದುರೆಗಳೆಲ್ಲ ಹರಾಜಿಗೆ.

“ನನ್ನನ್ಯಾಕೆ ಹಾಗೆ ನೋಡ್ತೀರಾ?” ಬ್ಯಾಂಡ್ ಮಾಸ್ಟರ್ ಸಿಡುಕಿದರು. “ಹಳೇ ತುತ್ತೂರಿ ನೋಡೋಕೆ ಬಂದೆ. ಖಡ್ಗ ಒಯ್ದು ಏನು, ಊದ್ಲಾ?”

“ನೀವು, ದಫೇದಾರ್ರೇ?”

“ಹಳೇ ಜೀನು ಒರೆಸಿ ಹೊರಟೆ ಮೇಡಂ. ಏನೂ ನೋಡ್ಲಿಲ್ಲ.”

ಮೇಡಂ ಪೆಟ್ಟಿಗೆಯತ್ತ ನಡೆದರು. ಜನ ಹತ್ತಿರ ಹೋಗದಂತೆ ಅದರ ಮುಂದೆ ಎರಡು ಕಂಬಗಳಿಗೆ ಹಗ್ಗ ಕಟ್ಟಿತ್ತು.

“ಬೆಳಿಗ್ಗೆ ಈ ಹಗ್ಗ ಹೀಗೇ ಇತ್ತಾ?”

“ಹೀಗೇ ಇತ್ತಮ್ಮಾ. ಬಿಚ್ಚಿಲ್ಲ, ದೂರದಿಂದಲೇ ನೋಡ್ದೆ, ಎದೆ ಒಡೀತು.”

“ಹಗ್ಗದ್ದೇನ್ರೀ ಮಾತು?” ಕಮಿಷನರು ಗುಡುಗಿದರು. “ಖಡ್ಗ ಹುಡುಕ್ರೀ!”

ಮೇಡಂ ಕಂಬದ ಬಳಿ ಮಂಡಿಯೂರಿದರು. ನೋಡನೋಡುತ್ತಿದ್ದಂತೆ ಅವರ ಮುಖದಲ್ಲಿ ರಕ್ತವೇ ಇಲ್ಲದಾಯಿತು. ಕೊಲೆಯಾದ ಜಾಗದಲ್ಲೂ ನಾನು ಅವರನ್ನು ಹಾಗೆ ಕಂಡಿರಲಿಲ್ಲ.

“ತಾತ, ನೀವು ಇದನ್ನ ಹೇಗೆ ಕಟ್ತೀರಾ?”

“ಮಕ್ಕಳು ಎಳೀತಾರೆ ಅಂತ ಗಂಟಿನ ಮೇಲೆ ಗಂಟು ಬಿಗೀತೀನಿ. ಬಿಚ್ಚೋಕೆ ಹೋದ್ರೆ ಉಗುರು ಕಿತ್ತು ಬರುತ್ತೆ.”

ಮೇಡಂ ಹಗ್ಗದ ತುದಿಯನ್ನು ಎರಡೇ ಬೆರಳಲ್ಲಿ ಎಳೆದರು. ಸರ್ರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು!

“ಇದು ತಾತನ ಗಂಟಲ್ಲ. ಖಡ್ಗ ತೆಗೆದವರು ಬೀಗ ಹಾಕಿ, ಹಗ್ಗಾನೂ ಕಟ್ಟಿ ಹೋಗಿದ್ದಾರೆ. ಇದು ಲಾಯದಲ್ಲಿ ಕುದುರೆ ಕಟ್ಟೋ ಗಂಟು. ಕುದುರೆ ಬೆದರಿದ್ರೆ ಒಂದೇ ಎಳೆತಕ್ಕೆ ಬಿಡಿಸ್ಬೇಕು. ಆ ಕೈಗೆ ಬೇರೆ ಗಂಟು ಬರೋದೇ ಇಲ್ಲ. ನಾನು ಚಿಕ್ಕವಳಿದ್ದಾಗ ನನಗಿದನ್ನ ಕಲಿಸಿದ್ದು...” ಅವರು ದಫೇದಾರರತ್ತ ತಿರುಗಿದರು. “ಅಪ್ಪಾ!”

ಖಾಕಿಯಲ್ಲಿ ಅವರ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ.

“ಲಾಯದ ಹುಲ್ಲಿನಡಿ ಇದೆ,” ದಫೇದಾರರು ಮೆಲ್ಲಗೆ ಹೇಳಿದರು. “ಖಡ್ಗ ಇಲ್ದಿದ್ರೆ ಆದೇಶ ಓದೋ ಹಾಗಿಲ್ಲ. ಅಷ್ಟರಲ್ಲಿ ಏನಾದ್ರೂ ಮಾಡಿ ಕುದುರೆಗಳನ್ನ ಉಳಿಸ್ಕೋಬಹುದು ಅಂದ್ಕೊಂಡೆ.”

“ಖಡ್ಗ ಹಾಳಾಗ್ಲಿ! ತಾತನ ಕೈಗೆ ಕೋಳ ಹಾಕೋವಾಗ ನೀನು ಇಲ್ಲೇ ನಿಂತಿದ್ಯಲ್ಲಪ್ಪಾ! ಬಾಯಿ ಬಿಡ್ಲಿಲ್ವಲ್ಲಪ್ಪಾ!”

ದಫೇದಾರರು ತಲೆ ತಗ್ಗಿಸಿ ಎರಡೂ ಕೈ ಚಾಚಿದರು.

ಮೇಡಂ ತಾತನ ಕೋಳ ಬಿಚ್ಚಿದರು. ಅದನ್ನೇ ತಂದೆಯ ಕೈಗೆ ಹಾಕಿದರು.

“ಬೇಡಮ್ಮಾ, ಹೆತ್ತಪ್ಪ ಕಣಮ್ಮಾ!” ತಾತ ಅಳುತ್ತಿದ್ದರು.

“ಜೀಪು ತೆಗೀರಿ,” ಎಂದರು ಮೇಡಂ, ನನ್ನ ಕಡೆ ತಿರುಗದೆ. ಜೇಬಿನಿಂದ ತೆಗೆಯುವಾಗ ಜೀಪಿನ ಕೀಲಿ ನನ್ನ ಕೈಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟವರು ಕೋಳ ತೊಟ್ಟ ದಫೇದಾರರು.