ಸಾರ್ಜೆಂಟನ ಕೋಟು

2001ರ ನವೆಂಬರ್ 3, ಶನಿವಾರ ಬೆಳಿಗ್ಗೆ ಜರ್ಮನಿಯ ಮ್ಯಾನ್‌ಹೈಮ್ ಠಾಣೆಗೆ ದೂರು ಬಂತು. ಖಾಸಗಿ ಮ್ಯೂಸಿಯಂ ಒಂದರ ಸ್ಪೇನ್ ಪ್ರದರ್ಶನದಿಂದ, ಗುಂಡಿನ ತೂತುಗಳಿದ್ದ ಹಳೆಯ ಮಿಲಿಟರಿ ಕೋಟು ಕಾಣೆಯಾಗಿತ್ತು. 1866ರಲ್ಲಿ ರಾಣಿ ಇಸಬೆಲ್ಲಳ ಸಿಂಹಾಸನ ಅಲ್ಲಾಡುತ್ತಿದ್ದಾಗ ಮ್ಯಾಡ್ರಿಡ್‌ನ ಬ್ಯಾರಕ್ಕಿನಲ್ಲಿ ಸಾರ್ಜೆಂಟರು ದಂಗೆಯೆದ್ದಿದ್ದರು. ಸೋತವರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಎರಡು ವರ್ಷಕ್ಕೆ ರಾಣಿಯೇ ದೇಶ ಬಿಟ್ಟು ಓಡಿದಳು, ಆ ಮಾತು ಬೇರೆ. ಕೋಟು ಸತ್ತ ಸಾರ್ಜೆಂಟರಲ್ಲಿ ಒಬ್ಬನದು.

ಇನ್‌ಸ್ಪೆಕ್ಟರ್ ಕ್ರೂಗರ್ ಎಫ್‌ಐಆರ್ ಮುಗಿಸಿ ಮ್ಯೂಸಿಯಂಗೆ ಬಂದು ಪಂಚನಾಮೆ ಮಾಡಿದ. ಗಾಜು ಒಡೆದಿರಲಿಲ್ಲ, ಅಲಾರ್ಮ್ ಕೂಗಿರಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಲೆಂದು ಶುಕ್ರವಾರ ಮಧ್ಯಾಹ್ನ ಅಲಾರ್ಮ್ ಆಫ್ ಮಾಡಿದ್ದವನು ಬಸವ, ಜರ್ಮನಿ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಹುಬ್ಬಳ್ಳಿಯ ಎಂಜಿನಿಯರ್. ಇನ್ನೇನು, ಅನುಮಾನ ಅವನ ಕೊರಳಿಗೇ ಸುತ್ತಿಕೊಂಡಿತು. ಕೇಸಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ.

ಶುಕ್ರವಾರ ಅವನ ಜೊತೆ ಪ್ರದರ್ಶನ ನೋಡಲು ಬಂದಿದ್ದ ತಾಯಿ ಸುಶೀಲಾಬಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ದುಭಾಷಿಯಾಗಿ ಮೈಸೂರಿನ ಸ್ಮಿತಾ ಬಂದಳು.

"ಅಮ್ಮ, ಆ ಕೋಟಿನ ಹತ್ರ ಯಾರಾದ್ರೂ ಇದ್ರಾ ಅಂತ ಕೇಳ್ತಿದಾರೆ."

"ಕಾವಲಿನ ಮುದುಕ ಒಬ್ಬನ ಇದ್ದ ನೋಡವಾ. ಬ್ರೆಡ್ಡು, ಒಂದು ಗ್ಲಾಸು. ಎಡಿ ಇಟ್ಟಿದ್ದ."

ಎಡಕ್ಕೆ ಇಟ್ಟಿದ್ದ ಎಂದುಕೊಂಡಳು ಸ್ಮಿತಾ. ಇನ್ನೊಮ್ಮೆ ಕೇಳಲು ಬಿಗುಮಾನ. ಬ್ರೆಡ್ಡು, ಗ್ಲಾಸು ಎಡಕ್ಕಿಟ್ಟುಕೊಂಡು ಕಾವಲುಗಾರ ಊಟಕ್ಕೆ ಕೂತಿದ್ದ ಎಂದು ಜರ್ಮನ್‌ನಲ್ಲಿ ಹೇಳಿಬಿಟ್ಟಳು. ಮಧ್ಯಾಹ್ನದ ಊಟವೇನು ಅಪರಾಧವೇ? ಕ್ರೂಗರ್ ಬರೆದುಕೊಂಡು, ಬಸವನ ಮನೆ ತಪಾಸಣೆಗೆ ವಾರಂಟ್ ಕೇಳಲು ಫೋನ್ ಎತ್ತಿದ.

ಸುಶೀಲಾಬಾಯಿ ಸ್ಮಿತಾಳ ಕೈ ಹಿಡಿದರು. "ಸತ್ತವರ ಅರಿವಿ ನನ್ನ ಮಗಾ ಯಾಕ ಮುಟ್ಟಾನವಾ? ಆ ಮುದುಕ ಬೂಟು ಬಿಚ್ಚಿ, ಕೈ ಮುಗದು ನಿಂತು ಅಳಾಕತ್ತಿದ್ದ. ಒಂದು ತುತ್ತೂ ತಿನ್ನಲಿಲ್ಲ."

"ತಿನ್ನಲಿಲ್ವಾ? ಊಟಕ್ಕಲ್ವಾ ಇಟ್ಕೊಂಡಿದ್ದು?"

"ಎಡಿ ಅಂದ್ನೆಲ್ಲವಾ. ಹಿರ್ಯಾರಿಗೆ ಇಡೂದು!"

ಅಯ್ಯೋ, ಎಡೆ! ಪಿತೃಪಕ್ಷದಲ್ಲಿ ತನ್ನಜ್ಜಿಯೂ ಇಡುತ್ತಿದ್ದ ಎಡೆ! ನಾಚಿಕೆಯಿಂದ ಸ್ಮಿತಾ ಕುಗ್ಗಿಹೋದಳು. "ಸಾರ್, ನಾನು ತಪ್ಪು ಹೇಳಿದೆ," ಎಂದು ಹೇಳಿಕೆ ತಿದ್ದಿಸಿದಳು. "ಅದು ಸತ್ತವರಿಗೆ ಇಡುವ ಊಟ. ತಮ್ಮ ಮನೆಯವರಿಗೆ ಇಡುವುದು."

ಕ್ರೂಗರ್ ಫೋನ್ ಕೆಳಗಿಟ್ಟ. "ನಿನ್ನೆ ನಮ್ಮಲ್ಲೂ ಸತ್ತವರ ದಿನವೇ," ಎಂದ. ಬಾಗಿಲ ಬಳಿ ನಿಂತಿದ್ದ ಕಾವಲುಗಾರ ಎಮಿಲಿಯೊನನ್ನು ಕರೆದ. ನಲವತ್ತು ವರ್ಷದ ಹಿಂದೆ ಸ್ಪೇನಿನಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಗಾಜಿನ ಪೆಟ್ಟಿಗೆಯ ಕೀಲಿಕೈ ಅವನ ಸೊಂಟದಲ್ಲೇ ಇತ್ತು.

"ಕೋಟು ಎಲ್ಲಿ?"

ಮುದುಕ ಬಸವನ ಕಡೆ ನೋಡಿದ. "ಹುಡುಗನ ಮೇಲೆ ಬರುತ್ತದೆಂದು ಗೊತ್ತಿರಲಿಲ್ಲ. ಮಣ್ಣು ಮಾಡಿದೆ. ನನ್ನ ಹೆಂಡತಿಯ ಗೋರಿಯಲ್ಲಿ."

"ಯಾಕೆ?"

"ನನ್ನ ಮುತ್ತಾತನೂ ಆ ಸಾಲಿನಲ್ಲಿದ್ದ. ಮನೆಯವರಿಗೆ ಹೆಣ ಕೊಡಲಿಲ್ಲವಂತೆ."

"ಕೋಟು ಅವನದೇ ಎಂಬುದಕ್ಕೆ ಸಾಕ್ಷಿ?"

"ಇಲ್ಲ. ಯಾರದಾದರೇನು? ಅವನೂ ಒಬ್ಬ ತಾಯಿಯ ಮಗನೇ."

ಪ್ರದರ್ಶನ ಶುರುವಾದಾಗಿನಿಂದ ಎಮಿಲಿಯೊ ದಿನವಿಡೀ ಆ ಕೋಟಿನ ಪಕ್ಕದಲ್ಲೇ ನಿಂತು ಕಾವಲು ಕಾದಿದ್ದ. 'ದಂಗೆಕೋರನ ಕೋಟು' ಎಂದು ಕೆಳಗೆ ಬರೆದಿತ್ತು, ಹೆಸರಿರಲಿಲ್ಲ. ಮಕ್ಕಳು ತೂತು ಎಣಿಸಿ ನಗುತ್ತಿದ್ದರು. ಅದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಕ್ರೂಗರ್ ಅವನನ್ನು ದಸ್ತಗಿರಿ ಮಾಡಿದ. ಬೇಡಿ ಹಾಕಿಸಲಿಲ್ಲ.

"ನನ್ನ ಮಗ ಉಳಕೊಂಡ, ಯಪ್ಪಾ ಶಿವನ!" ಸುಶೀಲಾಬಾಯಿ ಬಸವನ ತಲೆ ನೇವರಿಸಿದರು. ಪೊಲೀಸರ ಜೊತೆ ಹೊರಟ ಮುದುಕನನ್ನು ಕಂಡು ಅವರ ಕೈ ನಿಂತಿತು. "ಇನ್ನ ಏನ್ ಮಾಡ್ತಾರವಾ?"

"ನಾಳೆ ಗೋರಿ ಅಗೆಸಿ ಕೋಟು ತೆಗೀತಾರಮ್ಮ. ಕೇಸಿನ ಮಾಲು ಅದು."

"ಮಣ್ಣಿಗೆ ಕೊಟ್ಟದ್ದನ್ನ ಹೊಳ್ಳಿ ತಗೀತಾರ? ನಾ ಹೇಳಿದ್ದಕ್ಕನ?"

"ಹೂಂ ಅಮ್ಮ," ಎಂದಳು ಸ್ಮಿತಾ. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.