‘ಬಿಟ್ಟಿದ್ದು’ ಅಂತ ಬರೆದ ಪಟ್ಟಿ

“ಮೇಡಂ, ಮನೆ ಮಾರಿದ್ದೀರಿ, ಸರಿ. ಒಂದು ಬಲ್ಬನ್ನಾದ್ರೂ ಬಿಡಬಾರದಿತ್ತಾ?”

ಫೋನಿನಲ್ಲಿ ಬಂದ ಮೊದಲ ಮಾತೇ ಇದು. ನಮಸ್ಕಾರ ಇಲ್ಲ, ಯಾರು ಏನು ಅಂತ ಇಲ್ಲ. ಅವಳು ಬಾಡಿಗೆ ಮನೆಯ ಮಹಡಿಯಲ್ಲಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಟೀ ಸೋಸುತ್ತಿದ್ದಳು. ಇದು ತನ್ನ ಮನೆ ಕೊಂಡವನ ದನಿ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಅವನನ್ನು ನೋಡಿದ್ದೇ ಎರಡು ಸಲ. ಲಿಫ್ಟ್ ರಿಪೇರಿ ಮಾಡುವವನು. “ದಿನಾ ಮೇಲೆ ಕೆಳಗೆ ಹೋಗೋದೇ ನನ್ನ ಕೆಲಸ. ಮನೆಯಾದ್ರೂ ನೆಲದ ಮೇಲಿರಲಿ” ಎಂದು ಆ ಒಂದೇ ಅಂತಸ್ತಿನ ಮನೆಯನ್ನು ಒಪ್ಪಿಕೊಂಡಿದ್ದ.

“ಬಲ್ಬು ಬಿಟ್ಟಿದ್ದೀನಲ್ಲ! ಎಂಟಿವೆ. ಪಟ್ಟಿಯಲ್ಲಿ ಬರೆದಿದ್ದೀನಿ ನೋಡಿ.”

“ಪಟ್ಟಿ ಇದೆ ಮೇಡಂ, ಅಡುಗೆಮನೆ ಗೋಡೆಗೆ ಚೆನ್ನಾಗಿ ಅಂಟಿಸಿದ್ದೀರಿ. ಪಟ್ಟಿಯಲ್ಲಿರೋದು ಒಂದೂ ಇಲ್ಲ.”

“ಪರದೆ ಕಂಬಿ?”

“ಕಂಬಿ ಇದ್ದ ತೂತು ಇದೆ.”

“ಬಕೆಟ್ಟು?”

“ಬಕೆಟ್ ಇಟ್ಟಿದ್ದ ಗುರುತು ಇದೆ. ದುಂಡಗೆ, ಚೆನ್ನಾಗಿದೆ.”

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆ ಪಟ್ಟಿಗಾಗಿ ನಾಲ್ಕು ದಿನ ತಲೆ ಕೆಡಿಸಿಕೊಂಡವಳು ಅವಳು. ಕನ್ನಡಕದ ಅಂಗಡಿಯಲ್ಲಿ ಹದಿನಾರು ವರ್ಷದ ಕೆಲಸ. ಕನ್ನಡಕ ಕೊಟ್ಟರೆ ಸಾಲದು, ಜೊತೆಗೆ ಡಬ್ಬಿ, ಒರೆಸುವ ಬಟ್ಟೆ, ಒಂದು ಹೆಚ್ಚಿನ ಸ್ಕ್ರೂ ಕೊಡಬೇಕು ಎಂಬುದು ಕೈಗೆ ಕೂತ ಅಭ್ಯಾಸ. ಮನೆಯೂ ಹಾಗೆಯೇ ತಾನೆ? ಬಂದವರು ಮೊದಲ ದಿನ ಕತ್ತಲೆಯಲ್ಲಿ ತಡಕಾಡಬಾರದು, ಕೈ ತೊಳೆಯಲು ಸೋಪು ಹುಡುಕಬಾರದು. ಬಲ್ಬು, ಕಂಬಿ, ಬಕೆಟ್, ಪೊಟ್ಟಣ ಒಡೆಯದ ಹೊಸ ಸೋಪು, ಕಾಲೊರೆಸು, ಏಣಿ, ಒಡೆದರೆ ಹಾಕಿಸಲು ಅದೇ ಬಣ್ಣದ ಆರು ಟೈಲ್ಸು, ಗೋಡೆಯ ಬಣ್ಣದ ಅರ್ಧ ಡಬ್ಬ, ಗೀಸರ್ ಮತ್ತು ಪಂಪಿನ ಕಾಗದಗಳ ಫೈಲು, ಗಿಡಕ್ಕೆ ನೀರು ಬಿಡುವ ಪೈಪು, ಕೊನೆಗೆ ಹಿತ್ತಲ ಬಾಗಿಲ ಬೀಗದ ಕೈ ಎರಡು. ಒಟ್ಟು ಹನ್ನೊಂದು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ‘ಬಿಟ್ಟಿದ್ದು’.

“ಚಿಕ್ಕಮ್ಮಾ!” ಎಂದು ಕೂಗಿದಳು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಒಳಕೋಣೆಯಲ್ಲಿ ಒಂದು ಪೆಟ್ಟಿಗೆ ಬಿಚ್ಚುತ್ತಿದ್ದರು. ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿದ ಎಂಟು ಬಲ್ಬು ಒಂದೊಂದಾಗಿ ಹೊರಬಂದವು.

ಸಾಮಾನು ಸಾಗಿಸಿದ ಮೇಸ್ತ್ರಿಗೆ ಫೋನು ಮಾಡಿದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. “ಗೋಡೆ ಮೇಲೆ ‘ಬಿಟ್ಟಿದ್ದು’ ಅಂತ ಬರೆದಿದ್ರಲ್ಲಮ್ಮ. ಅಯ್ಯೋ, ಲೋಡ್ ಮಾಡೋಕೆ ಇಷ್ಟೊಂದು ಬಿಟ್ಟಿದ್ದೀವಾ ಅಂದ್ಕೊಂಡು ಕಂಬಿ ಸಮೇತ ಕಿತ್ತು ತಂದ್ವಿ. ಒಂದೂ ಬಿಟ್ಟಿಲ್ಲ, ಬೇಕಾದ್ರೆ ಎಣಿಸ್ಕೊಳ್ಳಿ!”

“ಚಿಕ್ಕಮ್ಮ, ನೀವು ಅಲ್ಲೇ ಇದ್ರಲ್ಲ?”

“ಅವನು ಪಟ್ಟಿ ತೋರಿಸಿ ಕೇಳ್ದ ಕಣೇ. ಕನ್ನಡಕ ಯಾವುದೋ ಪೆಟ್ಟಿಗೆಗೆ ಸೇರಿಹೋಗಿತ್ತು. ಬರೆದಿದ್ದಾಳಲ್ಲ, ಹಾಗೇ ಮಾಡಪ್ಪ ಅಂದೆ.”

ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಊರಿಗೆಲ್ಲ ಕನ್ನಡಕ ಹಾಕಿದವಳ ಮನೆಯಲ್ಲಿ ಕನ್ನಡಕವಿಲ್ಲದೆ ಈ ಅನಾಹುತ. ಅವಳು ನಾಚಿಕೆಯಿಂದ ಮತ್ತೆ ಅವನಿಗೆ ಫೋನು ಮಾಡಿ ನಡೆದದ್ದು ಹೇಳಿದಳು. ಅತ್ತ ಕಡೆಯಿಂದ ನಗು. ಬಲ್ಬಿಲ್ಲದ ಖಾಲಿ ಮನೆಯಲ್ಲಿ ನಿಂತು ಇಷ್ಟು ದೊಡ್ಡದಾಗಿ ನಗುವ ಮನುಷ್ಯನನ್ನು ಅವಳು ಕಂಡಿರಲಿಲ್ಲ.

“ನಾಳೆ ವ್ಯಾನು ಮಾಡಿ ಎಲ್ಲ ಕಳಿಸ್ತೀನಿ.”

“ವ್ಯಾನ್ಯಾಕೆ? ನಿಮ್ಮ ಅಂಗಡಿ ಇಲ್ಲೇ ಎರಡು ರಸ್ತೆ ಆಚೆ ತಾನೆ? ಬರುವಾಗ ಒಂದೊಂದೇ ತನ್ನಿ. ಇವತ್ತಿಗೆ ಬಲ್ಬು ಸಾಕು.”

ಅಂದೇ ಸಂಜೆ ಬಲ್ಬು ಕೊಟ್ಟು ಬಂದಳು. ಬೀಗದ ಕೈಯನ್ನೂ ಒಯ್ದಿದ್ದಳು. ಆದರೆ ಕೊಡುವಾಗ ಪರ್ಸಿನಿಂದ ಹೊರಬಂದದ್ದು ಒಂದೇ. ಇನ್ನೊಂದರ ಮೇಲೆ ಬೆರಳು ಹೋಗಿ ನಿಂತಿತು. ಆ ಮನೆಗೆ ಮುಂಬಾಗಿಲು ನೆಂಟರಿಗೆ, ಹಿತ್ತಲ ಬಾಗಿಲು ಮನೆಯವರಿಗೆ. ಶಾಲೆಯಿಂದ ಬಂದದ್ದೂ ಕೆಲಸದಿಂದ ಬಂದದ್ದೂ ಅದೇ ಬಾಗಿಲಿನಿಂದ. ನಾಳೆ ಕೊಟ್ಟರಾಯಿತು ಎಂದುಕೊಂಡಳು. ತಪ್ಪು ಅಂತ ಗೊತ್ತಿತ್ತು, ಆದರೂ ಇಟ್ಟುಕೊಂಡಳು.

ಮನೆ ಮಾರಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಅಣ್ಣ ಬೇರೆ ನಗರದಲ್ಲಿ ನೆಲೆಸಿದ್ದ, ಅವನಿಗೆ ಅವನ ಪಾಲು ಬೇಕಿತ್ತು. ಅಲ್ಲಿನ ಕಣ್ಣಿನ ದೊಡ್ಡ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಸಿದ್ಧವಿತ್ತು. ಬರುತ್ತೀರೋ ಇಲ್ಲವೋ ಎಂದು ಮುಂದಿನ ವಾರದ ಶನಿವಾರದೊಳಗೆ ತಿಳಿಸಬೇಕು. ಇತ್ತ ಕನ್ನಡಕದಂಗಡಿಯ ಯಜಮಾನರಿಗೆ ವಯಸ್ಸಾಗಿತ್ತು. “ನೀನೇ ನಡೆಸ್ತೀಯಾ ಅಂದ್ರೆ ಬೋರ್ಡು ಇರುತ್ತೆ, ಇಲ್ಲಾಂದ್ರೆ ಇಳಿಸ್ತೀನಿ” ಎಂದಿದ್ದರು. ಅವಳಿಗೆ ಮೂವತ್ತೆಂಟು. ಉಳಿಯಬೇಕು ಎಂದರೆ ಒಂದು ಕಾರಣ ಬೇಕಲ್ಲ, ಅದು ಅವಳ ಬಳಿ ಇರಲಿಲ್ಲ. ಶನಿವಾರ ‘ಬರುತ್ತೇನೆ’ ಎಂದು ಬರೆದು ಹಾಕುವುದೆಂದು ಲೆಕ್ಕ.

ಮಾರನೆಯ ದಿನ ಬಕೆಟ್ಟು ಕೊಟ್ಟಳು. ಅದರ ಮರುದಿನ ಸೋಪು. ಸೋಪೊಂದನ್ನೇ ಹಿಡಿದು ಗೇಟು ತೆಗೆದು ಬಂದವಳನ್ನು ಅವನು ತಲೆಯಿಂದ ಕಾಲಿನವರೆಗೆ ನೋಡಿದ.

“ಬಕೆಟ್ ಒಳಗೇ ಹಾಕ್ಕೊಂಡು ಬರಬಹುದಿತ್ತಲ್ಲ ಮೇಡಂ?”

“ಒಂದೊಂದೇ ತನ್ನಿ ಅಂದಿದ್ದು ನೀವು.”

“ಹೌದು ಹೌದು. ನನ್ನದೇ ತಪ್ಪು” ಎಂದ, ತಪ್ಪು ಮಾಡಿದವನ ಮುಖ ಮಾತ್ರ ಇರಲಿಲ್ಲ.

ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಬಂದದ್ದಕ್ಕೆಲ್ಲ ಅವನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ಎಳೆಯುವ ಮೊದಲು ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಅವಳು ಸುಮ್ಮನಿರುವ ಪೈಕಿಯೇ?

“ನಿಮಗೆ ಓದೋ ಕನ್ನಡಕ ಬೇಕು.”

“ನನಗಾ? ಆರನೇ ಮಹಡಿಯಿಂದ ಕೆಳಗೆ ಬಿದ್ದ ನಟ್ಟು ಕಾಣುತ್ತೆ ನನಗೆ.”

“ದೂರದ್ದು ಕಾಣುತ್ತೆ. ಹತ್ತಿರದ್ದು ಕಾಣಲ್ಲ. ನಲವತ್ತಾದ ಮೇಲೆ ಎಲ್ಲರ ಹಣೆಬರಹವೂ ಇಷ್ಟೇ. ನಾಳೆ ಅಂಗಡಿಗೆ ಬನ್ನಿ.”

ಬಂದ. ಶರಟು ಇಸ್ತ್ರಿ ಮಾಡಿಕೊಂಡು ಬಂದಿದ್ದ. ಅವಳು ಕುರ್ಚಿಯಲ್ಲಿ ಕೂರಿಸಿ, ಪುಟ್ಟ ಟಾರ್ಚು ಹಿಡಿದು ಎದುರಿಗೆ ಬಾಗಿದಳು. ಹದಿನಾರು ವರ್ಷದಲ್ಲಿ ಸಾವಿರಾರು ಕಣ್ಣು ನೋಡಿದ್ದಾಳೆ. ಕಣ್ಣೆಂದರೆ ಅವಳಿಗೆ ಕೆಲಸ. ಆದರೆ ಇವನ ಕಣ್ಣಿನ ಕಂದು ಬಣ್ಣದಲ್ಲಿ ಎಡಗಡೆ ಒಂದು ಚಿಕ್ಕ ಹಳದಿ ಚುಕ್ಕಿ ಇತ್ತು. ಅದನ್ನು ಬರೆದುಕೊಳ್ಳುವ ಅಗತ್ಯವೇನೂ ಇರಲಿಲ್ಲ. ಆದರೂ ಮತ್ತೊಮ್ಮೆ ನೋಡಿದಳು.

“ನನ್ನ ಕಣ್ಣು ನೋಡಬೇಡಿ. ನನ್ನ ಕಿವಿ ನೋಡಿ” ಎಂದಳು. ಈ ಪರೀಕ್ಷೆಗೆ ನೋಟ ಟಾರ್ಚಿನ ಆಚೆ ಇರಬೇಕು.

“ಸರಿ.”

“ಕಿವಿ ನೋಡಿ ಅಂದೆ.”

“ಕಿವಿಯನ್ನೇ ನೋಡ್ತಾ ಇದ್ದೀನಿ ಮೇಡಂ. ಕೆಂಪಗಾಗ್ತಾ ಇದೆ.”

ಟಾರ್ಚು ಆರಿಸಿದಳು. ಅಂಗಡಿಯ ಯಜಮಾನರು ಕೌಂಟರಿನ ಹಿಂದೆ ಕೆಮ್ಮಿದರು. ನೆಗಡಿಯ ಕೆಮ್ಮಲ್ಲ ಅದು.

ಹೀಗೆ ಮೊದಲ ವಾರ ಮುಗಿಯಿತು. ಕಾಲೊರೆಸು ಹೋಯಿತು, ಫೈಲು ಹೋಯಿತು, ಬಣ್ಣದ ಡಬ್ಬ ಹೋಯಿತು, ಟೈಲ್ಸು ಹೋಯಿತು. ಹೋದಾಗಲೆಲ್ಲ ಟೀ ಕುಡಿಯುವುದು, ಮನೆಯ ಗುಟ್ಟು ಹೇಳಿಕೊಡುವುದು. ಆಸ್ಪತ್ರೆಯ ಕೆಲಸದ ವಿಷಯವನ್ನೂ ಹೀಗೇ ಒಂದು ಟೀಯ ನಡುವೆ ಹೇಳಿದ್ದಳು. ಮಧ್ಯದ ಕಿಟಕಿಯನ್ನು ಸ್ವಲ್ಪ ಎತ್ತಿ ಎಳೆಯಬೇಕು. ಪಂಪು ಎರಡನೇ ಸಲಕ್ಕೇ ಶುರುವಾಗುವುದು. “ಈ ಸ್ವಿಚ್ ಯಾವುದಕ್ಕೆ?” ಎಂದು ಅವನು ಕೇಳಿದರೆ, “ಅದು ಏನೂ ಮಾಡಲ್ಲ. ನಾನು ಹುಟ್ಟಿದಾಗಿನಿಂದ ಮಾಡಿಲ್ಲ” ಎಂದಳು. “ಪಟ್ಟಿಗೆ ಹಾಕಿಲ್ಲ ನೀವು” ಎಂದು ದೂರಿದ.

ಒಂದು ದಿನ ಪಟ್ಟಿಯನ್ನು ಹೊಸ ಕನ್ನಡಕದಿಂದ ಓದುತ್ತ ಅವನು ಹೇಳಿದ, “ಹದಿನೈದು ವರ್ಷದಲ್ಲಿ ಒಂಬತ್ತು ಬಾಡಿಗೆ ರೂಮು ಬದಲಾಯಿಸಿದ್ದೀನಿ. ಹೋದಲ್ಲೆಲ್ಲ ಗೋಡೆಗೆ ಮೊಳೆ ಬಿಟ್ಟರೆ ಮತ್ತೇನೂ ಇರ್ತಿರಲಿಲ್ಲ. ಬರೋನು ಒಬ್ಬ ಇದ್ದಾನೆ, ಅವನಿಗೆ ಸೋಪು ಬೇಕಾಗುತ್ತೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಅವತ್ತು ಬಲ್ಬಿಲ್ಲದೆ ಮೊಬೈಲ್ ಬೆಳಕಲ್ಲಿ ಇದನ್ನ ಓದಿದೆ ಮೇಡಂ. ಸಾಮಾನು ಇಲ್ಲದಿದ್ರೂ ಖುಷಿಯಾಯ್ತು. ಆಮೇಲೆ ಸಿಟ್ಟು ಬಂತು, ಅದಕ್ಕೇ ಫೋನು ಮಾಡಿದೆ.”

ಪರ್ಸಿನೊಳಗಿನ ಬೀಗದ ಕೈ ಚುಚ್ಚಿದಂತಾಯಿತು. ಇಷ್ಟು ಹೇಳಿಕೊಂಡವನಿಂದ ಇದನ್ನು ಬಚ್ಚಿಟ್ಟುಕೊಂಡಿದ್ದೇನಲ್ಲ ಎಂದು ಸಂಕಟವಾಯಿತು. ಕೊಟ್ಟುಬಿಟ್ಟರೆ ಪಟ್ಟಿ ಮುಗಿಯುತ್ತದಲ್ಲ ಎಂದು ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಎರಡನೇ ವಾರ ಕಂಬಿಗಳಾದ ಮೇಲೆ ಏಣಿಯ ಸರದಿ. ಬಸ್ಸಿನಲ್ಲಿ ತಂದಳು. ಕಂಡಕ್ಟರು ಏಣಿಗೂ ಟಿಕೆಟ್ಟು ಹರಿದ. ಗೇಟಿನಲ್ಲಿ ಅವನು ಓಡಿ ಬಂದು ಕೈಯಿಂದ ಇಸಿದುಕೊಂಡ.

“ಒಂದು ಮಾತು ಹೇಳಿದ್ರೆ ನಾನೇ ಬಂದು ಒಯ್ತಿರಲಿಲ್ವಾ?”

“ನೀವು ಬಂದ್ರೆ ಎಲ್ಲ ಒಂದೇ ಸಲಕ್ಕೆ ಒಯ್ತಿದ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏಣಿಯ ಒಂದು ಬದಿ ಅವನು, ಇನ್ನೊಂದು ಬದಿ ಅವಳು, ಹಾಗೇ ನಿಂತರು. ಮೆಟ್ಟಿಲುಗಳ ಸಂದಿಯಿಂದ ಅವನು ಅವಳನ್ನೇ ನೋಡುತ್ತಿದ್ದ. ಅವಳು ಅವನ ಕಿವಿಯನ್ನು ನೋಡಿದಳು. ಅದೂ ಕೆಂಪಗಾಗುತ್ತಿತ್ತು.

“ಶನಿವಾರ ಆಸ್ಪತ್ರೆಗೆ ತಿಳಿಸಬೇಕಲ್ವಾ?” ಎಂದ.

“ಹೂಂ.”

“ಒಳ್ಳೇ ಕೆಲಸ ಅದು.”

“ಹೂಂ. ಒಳ್ಳೇ ಕೆಲಸವೇ.”

ಅಷ್ಟೇ. ಏಣಿ ಒಳಗೆ ಹೋಯಿತು. ಲಿಫ್ಟು ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಬಿಡಿಸುವ ಗಂಡಸು, ಗಂಟಲಲ್ಲಿ ಮಾತು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕೆಂದು ತಿಳಿಯದೆ ಟೀ ಇಡಲು ಹೋದ.

ಮನೆಗೆ ಬಂದವಳ ಮುಖ ನೋಡಿ ಚಿಕ್ಕಮ್ಮ ಸುಮ್ಮನಿರಲಿಲ್ಲ. “ಒಂದು ವ್ಯಾನಿನ ಕೆಲಸಕ್ಕೆ ಎರಡು ವಾರ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ಇದಕ್ಕೆ ಕನ್ನಡಕಾನೂ ಬೇಡ ಕಣೇ. ನನಗೇನು ಕಣ್ಣು ಕಾಣಲ್ಲ ಅಂದ್ಕೊಂಡಿದ್ದೀಯಾ?”

“ನಿಮ್ಮ ಕಣ್ಣು ಕಾಣದೇ ತಾನೇ ಇಷ್ಟೆಲ್ಲ ಆಗಿದ್ದು?”

“ಹಾಗಾದ್ರೆ ನಾನು ಕನ್ನಡಕ ಕಳೆದಿದ್ದು ಒಳ್ಳೇದೇ ಆಯ್ತು. ಅವನು ಹೋಗಬೇಡ ಅಂದನಾ?”

“ಇಲ್ಲ. ಒಳ್ಳೇ ಕೆಲಸ ಅಂದ್ರು.”

“ಅಯ್ಯೋ, ದಡ್ಡ ಮುಂಡೇದು!” ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕೊನೆಯ ಸಾಮಾನು ತೆಗೆದುಕೊಂಡು ಹೋದಳು. ಗಿಡದ ಪೈಪು. ಸುರುಳಿ ಸುತ್ತಿ ಭುಜಕ್ಕೆ ಹಾಕಿಕೊಂಡಿದ್ದಳು. ಫೋನಿನಲ್ಲಿ ಆಸ್ಪತ್ರೆಗೆ ಬರೆದ ಉತ್ತರ ಸಿದ್ಧವಿತ್ತು, ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ. ಇನ್ನೊಬ್ಬರ ಮನೆಯ ಬೀಗದ ಕೈ ಇಟ್ಟುಕೊಂಡು ಊರು ಬಿಡುವುದು ಅವಳಿಂದ ಆಗದ ಮಾತು. ಹಾಗಾಗಿ ಅಡುಗೆಮನೆಗೆ ಬಂದವಳೇ ಪರ್ಸು ತೆಗೆದು ಅದನ್ನು ಕಟ್ಟೆಯ ಮೇಲೆ ಇಟ್ಟಳು.

“ಇದೊಂದು ಉಳಿದಿತ್ತು. ಮರೆತಿದ್ದಲ್ಲ, ಬೇಕಂತಲೇ ಇಟ್ಕೊಂಡಿದ್ದೆ. ತಪ್ಪಾಯ್ತು.”

“ಗೊತ್ತಿತ್ತು” ಎಂದ ಅವನು.

“ಗೊತ್ತಿತ್ತಾ?”

“ಪಟ್ಟಿಯಲ್ಲಿ ಎರಡು ಅಂತಿದೆ. ನೀವು ಕೊಟ್ಟಿದ್ದು ಒಂದು. ಕನ್ನಡಕ ಇಲ್ಲದಿದ್ರೂ ಅಷ್ಟು ಓದಕ್ಕೆ ಬರ್ತಿತ್ತು.”

“ಮತ್ತೆ ಕೇಳಲಿಲ್ಲ ಯಾಕೆ?”

ಅವನು ಕನ್ನಡಕ ತೆಗೆದು ಶರಟಿಗೆ ಒರೆಸಿದ. ಶರಟಿನಲ್ಲಿ ಒರೆಸಬಾರದೆಂದು ಅವಳು ನೂರು ಸಲ ಹೇಳಿದ್ದಳು. “ಹೊಸ ಮನೆ ತಗೊಂಡ್ರೆ ಮೊದಲು ಬೀಗ ಬದಲಾಯಿಸು ಅಂದ್ರು ಜೊತೆಯವರೆಲ್ಲ. ಬದಲಾಯಿಸಿದೆ. ಗೇಟಿಂದು ಹೊಸದು. ಮುಂಬಾಗಿಲಿಂದು ಹೊಸದು. ಕಪಾಟಿಂದೂ ಹೊಸದು. ಹಿತ್ತಲಿಂದು ಒಂದೇ ಬಿಟ್ಟಿದ್ದು.”

“ಮರೆತು ಬಿಟ್ಟಿದ್ದಾ?”

“ಆ ಮಾತಿಗೆ ಎರಡು ಅರ್ಥ ಅಂತ ನೀವೇ ಕಲಿಸಿದ್ದು ಮೇಡಂ.” ಅವನು ಈಗ ನೇರ ಅವಳ ಕಣ್ಣನ್ನೇ ನೋಡಿದ. “ನಿಮಗೆ ಅಂತ ಬಿಟ್ಟಿದ್ದು.”

ಅವಳಿಗೆ ಒಮ್ಮೆಲೇ ಅಳು ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದಾಗ ಮುಖ ಹೇಗೆ ಕಾಣುತ್ತದೋ ಹಾಗೇ ಕಂಡಿತು.

“ಇದನ್ನ ಏಣಿ ತಂದ ದಿನ ಹೇಳೋಕೆ ಏನಾಗಿತ್ತು ನಿಮಗೆ?”

“ಒಳ್ಳೇ ಕೆಲಸ ಸಿಕ್ಕಿದೆ ಅವರಿಗೆ, ಅಡ್ಡ ಬರಬಾರದು ಅನ್ಕೊಂಡೆ. ಇವತ್ತು ಪಟ್ಟಿ ಮುಗೀತಾ ಇದೆ ಅಂದಾಗ ಹೆದರಿಕೆ ಆಯ್ತು. ನನಗೆ ನೀವು ಬೇಕು. ನೀವು ಹೋಗೋದಾದ್ರೂ ಹೋಗಿ, ಬೀಗದ ಕೈ ಮಾತ್ರ ಇಟ್ಕೊಳ್ಳಿ. ಯಾವತ್ತು ಬಂದ್ರೂ ಆ ಬಾಗಿಲು ತೆಗೆಯುತ್ತೆ.”

ಅವಳು ಪೈಪನ್ನು ಅವನ ಕೈಗೆ ಕೊಟ್ಟು ಬೀಗದ ಕೈ ಎತ್ತಿಕೊಂಡಳು. ಮುಂಬಾಗಿಲಿನಿಂದ ಹೊರಗೆ ನಡೆದಳು. ಅವನು ಪೈಪು ಹಿಡಿದುಕೊಂಡು ನಿಂತಲ್ಲೇ ನಿಂತ. ಅವಳು ಗೋಡೆಯ ಪಕ್ಕದ ಓಣಿಯಲ್ಲಿ ನಿಂತು ಮೊದಲು ಆಸ್ಪತ್ರೆಗೆ ಬರೆದದ್ದನ್ನು ಅಳಿಸಿ, ‘ಕ್ಷಮಿಸಿ, ಬರಲಾಗುವುದಿಲ್ಲ’ ಎಂದು ಬರೆದು ಕಳಿಸಿದಳು. ಆಮೇಲೆ ಯಜಮಾನರಿಗೆ ಫೋನು ಮಾಡಿ, “ಬೋರ್ಡು ಇಳಿಸಬೇಡಿ ಸರ್” ಎಂದಳು. ಅವರು ಮತ್ತೆ ಅದೇ ಕೆಮ್ಮು ಕೆಮ್ಮಿದರು.

ಹಿತ್ತಲ ಬೀಗ ಎಂದಿನಂತೆ ಸ್ವಲ್ಪ ಎಡಕ್ಕೆ ಒತ್ತಿದ ಮೇಲೆ ತೆರೆಯಿತು. ಅಡುಗೆಮನೆಯಲ್ಲಿ ಅವನು ಇನ್ನೂ ಪೈಪು ಹಿಡಿದೇ ನಿಂತಿದ್ದ.

“ಚಪ್ಪಲಿ ಎಲ್ಲಿ ಬಿಡ್ಲಿ?” ಎಂದಳು ಹೊಸ್ತಿಲಿನ ಆಚೆಯಿಂದ.

“ಎಲ್ಲಿ ಬೇಕಾದ್ರೂ ಬಿಡಿ” ಎಂದ. “ಬಿಟ್ಟು ಮಾತ್ರ ಹೋಗಬೇಡಿ.”

ಅವಳು ಚಿಕ್ಕಂದಿನಿಂದ ಬಿಡುತ್ತಿದ್ದ ಜಾಗದಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು.