ಹಾಡು ಅವಳದು, ತಾಳ ಯಾರದು

ಬಟ್ಟೆ ಹೊಲಿಯುವ ಹುಡುಗಿಗೆ ಮೆಷಿನ್ ತುಳಿಯುತ್ತಲೇ ಹಾಡು ಕಟ್ಟುವ ಅಭ್ಯಾಸ. ಹಳೇ ಮೆಷಿನ್ನೂ ಸುಮ್ಮನಿರುತ್ತಿರಲಿಲ್ಲ. ಟಕ್‌ಟಕಾ ಟಕ್ ಎಂದು ತಾಳ ಹಾಕುತ್ತಿತ್ತು. ತಂಗಿ ಅದನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ನೋಡನೋಡುತ್ತ ವಿಡಿಯೋ ಊರೂರು ಸುತ್ತಿತು. ಬಸ್ಸಿನಲ್ಲೂ ಅದೇ, ಸಲೂನಿನಲ್ಲೂ ಅದೇ.

ಹಾಡಿನ ಕಂಪನಿಯವನೊಬ್ಬ ಹುಡುಕಿಕೊಂಡು ಬಂದ. ಹಾಡು ಕಟ್ಟಿದವರಿಗೆ ಲಾಭದಲ್ಲಿ ಪಾಲು, ನಾಳೆಯೇ ರೆಕಾರ್ಡಿಂಗ್ ಎಂದ. "ಹಾಡು ನಿಮ್ಮದು, ಸರಿ. ತಾಳ ಯಾರದು? ಅವರ ಸಹಿಯೂ ಬೇಕು."

ಮೂಲೆಯಲ್ಲಿ ಮೆಷಿನ್ ರಿಪೇರಿಯವನು ಎಣ್ಣೆ ಬಿಡುತ್ತಿದ್ದ. ವಾರ ತಪ್ಪದೆ ಬರುವವನು. ಎಣ್ಣೆ ಬಿಡುವುದು ಮೆಷಿನ್ನಿಗೆ, ನೋಟ ಮಾತ್ರ ಅವಳ ಕಡೆಗೆ.

"ಇವರನ್ನ ಕೇಳಿ. ಸದ್ದೆಲ್ಲ ಇವರ ಕೈಗುಣ" ಎಂದು ಅವಳು ನಕ್ಕಳು. ಆ ಕಾಗದದಲ್ಲಿ ತನ್ನ ಹೆಸರಿನ ಪಕ್ಕ ಅವನ ಹೆಸರು ಕೂರಲಿ ಎಂಬ ಆಸೆ ಅವಳಿಗೆ.

ಅವನ ಮುಖ ಕಪ್ಪಿಟ್ಟಿತು. "ನಂದೇನಿಲ್ಲ ಸಾರ್. ಅವರೊಬ್ಬರ ಹೆಸರೇ ಹಾಕ್ಕೊಳ್ಳಿ." ಮೆಷಿನ್ನಿನ ಹೊಟ್ಟೆಯೊಳಗೆ ಕೈಹಾಕಿ ಏನೋ ತಿರುಗಿಸಿ, ತಲೆ ಎತ್ತದೆ ಹೊರಟುಹೋದ.

ಬೆಳಗ್ಗೆ ರೆಕಾರ್ಡಿಂಗಿನವರ ಎದುರು ಅವಳು ಮೆಷಿನ್ ತುಳಿದಳು. ಬೆಣ್ಣೆಯ ಹಾಗೆ ಓಡಿತು. ಸದ್ದೇ ಇಲ್ಲ. ಇನ್ನು ಅವನು ಬರುವುದಿಲ್ಲ ಎಂದು ಅವಳ ಎದೆಗೆ ಮೊದಲು ತಿಳಿಯಿತು. ಅವನನ್ನು ಕರೆತರಲು ತಂಗಿಯನ್ನು ಓಡಿಸಿದಳು.

"ಕೆಟ್ಟಾಗ ಕರೆಸೋದು ಕೇಳಿದ್ದೆ ಕಣೇ. ರಿಪೇರಿ ಆಗಿದ್ದಕ್ಕೆ ಕರೆಸೋದು ಇದೇ ಮೊದಲು" ಎಂದಳು ಬಾಗಿಲ ಬಳಿ ಕೂತಿದ್ದ ಅವಳ ಅಜ್ಜಿ.

ಅವನು ಬಂದು ಬಾಗಿಲಲ್ಲೇ ನಿಂತ.

"ಯಾಕೆ ಸರಿಮಾಡಿದ್ರಿ?"

"ಅದೇ ನನ್ನ ಕೆಲಸ ಅಲ್ವಾ?"

"ಹಾಗಾದ್ರೆ ಇಷ್ಟು ದಿನ ಏನು ಮಾಡ್ತಿದ್ರಿ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಡೆ ನೋಡಿದ. "ಒಂದು ಸ್ಕ್ರೂ ಸಡಿಲ ಬಿಡ್ತಿದ್ದೆ. ಹೊಲಿಗೆ ಕೆಡಬಾರದು, ಸದ್ದೂ ನಿಲ್ಲಬಾರದು, ಅಷ್ಟೇ ಅಷ್ಟು. ಪೂರ್ತಿ ಸರಿಹೋದ್ರೆ ಬರೋಕೆ ನೆಪ ಎಲ್ಲಿರುತ್ತೆ? ಅದಕ್ಕೆ ಪಾಲು ಬೇರೆ ತಗೊಳ್ಳೋದಾ? ನಾಚಿಕೆ ಆಯ್ತು."

ಅವಳ ಕಿವಿ ಕೆಂಪಾಯಿತು. ದನಿ ಮಾತ್ರ ಅಳುಕಲಿಲ್ಲ.

"ಅಷ್ಟು ಅಳೆದು ಬಿಟ್ಟಿದ್ದೀರಿ ಅಂದ್ರೆ ತಾಳ ನಿಮ್ಮದೇ ಆಯ್ತು. ಮೊದಲು ಸಡಿಲ ಮಾಡಿ, ಆಮೇಲೆ ಸಹಿ ಹಾಕಿ. ಪಾಲು ಸಮಸಮ."

ಅವನು ಬಗ್ಗಿ ಸ್ಕ್ರೂ ಸಡಿಲಿಸಿದ. "ರೆಕಾರ್ಡಿಂಗ್ ಆದ ಮೇಲೆ ಬಿಗಿ ಮಾಡ್ಲಾ?"

"ಬೇಡ, ಹಾಗೇ ಇರಲಿ" ಎಂದು ಪೆಡಲಿನ ಮೇಲೆ ಕಾಲಿಟ್ಟಳು. "ನೀವು ಬರೋಕೆ ಇನ್ನು ನೆಪ ಬೇಡ. ನನ್ನ ಹಾಡಿಗೆ ತಾಳ ಬೇಕಲ್ಲ."